‘ಘಟಪ್ರಭಾ ತುಂಬಿದೆ’ ಅಂದರೆ ತುಂಬಿದ್ದು ಯಾವುದು? ಕಂಪ್ಯೂಟರಿಗೆ ಅರ್ಥ ಕಲಿಸುವ ಆಂಟಾಲಜಿಯ ಕಥೆ

ಮಳೆಗಾಲದಲ್ಲಿ ಹೀಗೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ: “ಘಟಪ್ರಭಾ ತುಂಬಿದೆ. ಎಲ್ಲ ಗುಂಪಿಗೂ ಕಳಿಸಿ.”

ತುಂಬಿದ್ದು ಏನು? ಘಟಪ್ರಭಾ ಒಂದು ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಆ ನದಿಗೆ ಕಟ್ಟಿದ ಜಲಾಶಯಕ್ಕೂ ಜನ ಘಟಪ್ರಭಾ ಡ್ಯಾಂ ಎನ್ನುತ್ತಾರೆ. ಗೋಕಾಕದ ಹತ್ತಿರ ಘಟಪ್ರಭಾ ಎಂಬ ಊರೇ ಇದೆ, ಅಲ್ಲಿನ ರೈಲು ನಿಲ್ದಾಣಕ್ಕೂ ಅದೇ ಹೆಸರು. ಡ್ಯಾಂ ತುಂಬಿದರೆ ರೈತರಿಗೆ ಸಿಹಿಸುದ್ದಿ. ನದಿ ದಡ ಮೀರಿದರೆ ಸಾಮಾನು ಕಟ್ಟಿಕೊಂಡು ಹೊರಡಬೇಕಾದ ಸುದ್ದಿ. ವಾಕ್ಯ ಒಂದೇ, ಮಾಡಬೇಕಾದ ಕೆಲಸ ಬೇರೆ ಬೇರೆ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಊರಿನವರು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ನೋಡಿ ಅರ್ಥ ಊಹಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಊಹೆ ಇಲ್ಲ. ಅದಕ್ಕೆ ‘ಘಟಪ್ರಭಾ’ ಎಂದರೆ ಕೆಲವು ಅಕ್ಷರಗಳು, ಅಷ್ಟೆ. ಹಾಗಾದರೆ ನದಿ ಬೇರೆ, ಡ್ಯಾಂ ಬೇರೆ, ಊರು ಬೇರೆ ಎಂದು ಅದಕ್ಕೆ ಕಲಿಸುವುದು ಹೇಗೆ? ಈ ಕೆಲಸಕ್ಕೆ ಒಂದು ಶಾಸ್ತ್ರವಿದೆ, ಅದರ ಹೆಸರು ಆಂಟಾಲಜಿ. ಸಾಫ್ಟ್‌ವೇರ್ ಎಂಜಿನಿಯರುಗಳು ಬೇರೆ ಕೆಲಸಕ್ಕೆಂದು ಮಾಡಿಕೊಂಡಿದ್ದ ಒಂದು ಚಿತ್ರಭಾಷೆ ಇದಕ್ಕೂ ನೆರವಾಗುತ್ತದೆ. ಹೇಗೆ, ಎಲ್ಲಿಯವರೆಗೆ ಎಂದು ನಮ್ಮ ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳ ಉದಾಹರಣೆ ಹಿಡಿದು ನೋಡೋಣ.

ಹೆಸರು ಒಂದು, ಸಂಗತಿ ಹಲವು

‘ಗೋಕಾಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದು ಒಂದು ಪಟ್ಟಣ, ಒಂದು ತಾಲ್ಲೂಕು, ಒಂದು ವಿಧಾನಸಭಾ ಕ್ಷೇತ್ರ. ‘ಗೋಕಾಕ ಫಾಲ್ಸ್’ ಎಂದರೆ ಸುಮಾರು 52 ಮೀಟರ್ ಎತ್ತರದ ಜಲಪಾತವೂ ಹೌದು, ಅದರ ಪಕ್ಕದಲ್ಲಿ ಜನ ವಾಸಿಸುವ ಊರೂ ಹೌದು. ‘ಗೋಕಾಕ ರೋಡ್’ ಎಂಬ ರೈಲು ನಿಲ್ದಾಣ ಗೋಕಾಕ ಪಟ್ಟಣದೊಳಗೆ ಇಲ್ಲ. ‘ಗೋಕಾಕ ಕರದಂಟು’ ತಿನ್ನುವ ಪದಾರ್ಥ.

ಇನ್ನು ‘ಗೋಕಾಕ ಚಳವಳಿ’. ಇದು ಗೋಕಾಕ ಪಟ್ಟಣದಲ್ಲಿ ಹುಟ್ಟಿದ ಚಳವಳಿ ಎಂದು ನಂಬಿದವರು ಇದ್ದಾರೆ. ನಿಜ ಸಂಗತಿ ಬೇರೆ. ಶಾಲೆಗಳಲ್ಲಿ ಕನ್ನಡದ ಸ್ಥಾನ ಏನಿರಬೇಕು ಎಂದು ವರದಿ ಕೊಟ್ಟ ಸಮಿತಿಗೆ ವಿ.ಕೃ. ಗೋಕಾಕರು ಅಧ್ಯಕ್ಷರಾಗಿದ್ದರು. 1981ರಲ್ಲಿ ಬಂದ ಆ ವರದಿಯನ್ನು ಜಾರಿಗೆ ತರಬೇಕೆಂದು ನಡೆದ ಹೋರಾಟ 1982ರಲ್ಲಿ ಡಾ. ರಾಜಕುಮಾರ್ ಮುಂದಾಳತ್ವದಲ್ಲಿ ರಾಜ್ಯವಿಡೀ ಹಬ್ಬಿತು. ಅಂದರೆ ಚಳವಳಿಗೆ ಹೆಸರು ಬಂದದ್ದು ವ್ಯಕ್ತಿಯಿಂದ. ಆ ವ್ಯಕ್ತಿ ಹುಟ್ಟಿದ್ದಾದರೂ ಗೋಕಾಕದಲ್ಲಿ ಅಲ್ಲ, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ.

ಇದರ ತಿರುವು ಸಮಸ್ಯೆಯೂ ಇದೆ: ಸಂಗತಿ ಒಂದೇ, ಹೆಸರು ಹಲವು. ಹಿಡಕಲ್ ಡ್ಯಾಂ, ಘಟಪ್ರಭಾ ಡ್ಯಾಂ, ರಾಜಾ ಲಖಮಗೌಡ ಜಲಾಶಯ, ಮೂರೂ ಒಂದೇ. 2011ರ ಜನಗಣತಿಯ ಪಟ್ಟಿಯಲ್ಲಿ ಸವದತ್ತಿ ತಾಲ್ಲೂಕು ‘ಪರಸಗಡ’ ಎಂದಿದೆ, ಬೈಲಹೊಂಗಲ ತಾಲ್ಲೂಕು ‘ಸಂಪಗಾಂವ’ ಎಂದಿದೆ. ಹುಕ್ಕೇರಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವೆಡೆ ಒಂದೇ ‘ಕೆ’, ಕೆಲವೆಡೆ ಎರಡು. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಿಂದ ಬೆಳಗಾಂವದಿಂದ ಬೆಳಗಾವಿ ಆಯಿತು. ಬರೀ ಅಕ್ಷರ ಹೋಲಿಸುವ ಯಂತ್ರ ಇವನ್ನೆಲ್ಲ ಬೇರೆ ಬೇರೆ ಎಂದೇ ಎಣಿಸುತ್ತದೆ.

ಆಂಟಾಲಜಿ ಎಂದರೇನು?

ಮೂಲದಲ್ಲಿ ಇದು ತತ್ತ್ವಶಾಸ್ತ್ರದ ಪದ. ‘ಇರುವುದು ಏನೇನು, ಅವು ಯಾವ ಯಾವ ಬಗೆಯವು’ ಎಂದು ವಿಚಾರಿಸುವ ಶಾಖೆಗೆ ಆ ಹೆಸರು. ಕಂಪ್ಯೂಟರ್ ವಿಜ್ಞಾನಕ್ಕೆ ಬಂದಾಗ ಅರ್ಥ ಸ್ವಲ್ಪ ಕಿರಿದಾಯಿತು. 1993ರಲ್ಲಿ ಟಾಮ್ ಗ್ರೂಬರ್ ಕೊಟ್ಟ ವ್ಯಾಖ್ಯೆಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಸಾರ ಇಷ್ಟು: ಒಂದು ಲೋಕವನ್ನು ನಾವು ಹೇಗೆ ಅರ್ಥ ಮಾಡಿಕೊಂಡಿದ್ದೇವೆ ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಬಿಚ್ಚಿ ಬರೆದಿಡುವುದು.

ಹಾಗೆ ಬರೆಯುವಾಗ ಮೂರು ವಿಷಯ ಬೇಕು. ಒಂದು, ಬಗೆಗಳು: ನದಿ, ಅಣೆಕಟ್ಟು, ಪಟ್ಟಣ, ತಾಲ್ಲೂಕು, ವ್ಯಕ್ತಿ. ಎರಡು, ಅವುಗಳ ನಡುವಿನ ನಂಟು: ಅಣೆಕಟ್ಟು ನದಿಯ ಮೇಲಿದೆ, ಪಟ್ಟಣ ತಾಲ್ಲೂಕಿಗೆ ಸೇರಿದೆ. ಮೂರು, ನಿಯಮಗಳು: ನದಿಯಾದದ್ದು ವ್ಯಕ್ತಿಯಾಗಿರಲು ಸಾಧ್ಯವಿಲ್ಲ.

ಇದು ನಿಘಂಟಲ್ಲ, ಏಕೆಂದರೆ ನಿಘಂಟು ಪದಕ್ಕೆ ಅರ್ಥ ಕೊಡುತ್ತದೆ, ಆಂಟಾಲಜಿ ಸಂಗತಿಗಳ ನಂಟನ್ನು ಹೇಳುತ್ತದೆ. ಇದು ಬರೀ ದತ್ತಾಂಶದ ಪಟ್ಟಿಯೂ ಅಲ್ಲ, ಏಕೆಂದರೆ ಪಟ್ಟಿಯಲ್ಲಿ ಬರೆಯದೆ ಇದ್ದದ್ದನ್ನೂ ನಿಯಮಗಳ ಮೂಲಕ ತರ್ಕಿಸಿ ತೆಗೆಯಬಹುದು. ನೀವು ಗೂಗಲ್‌ನಲ್ಲಿ ಒಂದು ಹೆಸರು ಹುಡುಕಿದಾಗ ಪಕ್ಕದಲ್ಲಿ ಫೋಟೊ, ಎತ್ತರ, ಹುಟ್ಟಿದ ದಿನ ಇರುವ ಒಂದು ಚೌಕ ಕಾಣುತ್ತದಲ್ಲ? 2012ರಲ್ಲಿ ಗೂಗಲ್ ಶುರುಮಾಡಿದ ನಾಲೆಜ್ ಗ್ರಾಫ್ ಅದರ ಹಿಂದಿದೆ. ಅಕ್ಷರಗಳನ್ನು ಬಿಟ್ಟು ಸಂಗತಿಗಳನ್ನೇ ಹುಡುಕುವುದು ಅದರ ಗುರಿ.

ಎಂಜಿನಿಯರುಗಳ ಚಿತ್ರಭಾಷೆ

ಮನೆ ಕಟ್ಟುವ ಮುಂಚೆ ನಕ್ಷೆ ಬೇಕು. ಸಾಫ್ಟ್‌ವೇರಿಗೂ ಹಾಗೆಯೇ. 1990ರ ದಶಕದಲ್ಲಿ ಒಬ್ಬೊಬ್ಬ ಪರಿಣತರದು ಒಂದೊಂದು ಬಗೆಯ ನಕ್ಷೆ. ಗ್ರೇಡಿ ಬೂಚ್, ಐವರ್ ಜೇಕಬ್ಸನ್, ಜೇಮ್ಸ್ ರಂಬಾ ಎಂಬ ಮೂವರು ತಮ್ಮ ಪದ್ಧತಿಗಳನ್ನು ಕೂಡಿಸಿ ಒಂದೇ ಭಾಷೆ ಮಾಡಿದರು. ಅದೇ ಯುಎಂಎಲ್. 1997ರಲ್ಲಿ ಅದು ಅಂತರರಾಷ್ಟ್ರೀಯ ಒಕ್ಕೂಟವೊಂದರ ಮಾನ್ಯತೆ ಪಡೆಯಿತು.

ಅದರಲ್ಲಿ ನಮಗೆ ಬೇಕಾದದ್ದು ‘ಕ್ಲಾಸ್ ಡಯಾಗ್ರಾಂ’ ಎಂಬ ಒಂದು ಚಿತ್ರ ಮಾತ್ರ. ಅದರ ವ್ಯಾಕರಣ ಬಹಳ ಸರಳ. ಒಂದೊಂದು ಬಗೆಗೆ ಒಂದೊಂದು ಚೌಕ. ಚೌಕದೊಳಗೆ ಹೆಸರು, ಅದರ ಕೆಳಗೆ ಗುಣಗಳು: ನದಿಗೆ ಉದ್ದ, ಅಣೆಕಟ್ಟಿಗೆ ಎತ್ತರ. ಎರಡು ಚೌಕಗಳ ನಡುವೆ ಗೆರೆ ಎಳೆದರೆ ಅದು ನಂಟು. ಗೆರೆಯ ತುದಿಯಲ್ಲಿ ಬರೆದ ಅಂಕಿ ‘ಎಷ್ಟಕ್ಕೆ ಎಷ್ಟು’ ಎಂದು ಹೇಳುತ್ತದೆ. ಗೆರೆಯ ತುದಿಯಲ್ಲಿ ಖಾಲಿ ತ್ರಿಕೋನ ಇದ್ದರೆ ‘ಇದು ಅದರ ಒಂದು ವಿಧ’ ಎಂದರ್ಥ.

ಇಂಥ ಚಿತ್ರ ಓದಬಲ್ಲ ಎಂಜಿನಿಯರುಗಳು ಜಗತ್ತಿನ ತುಂಬ ಇದ್ದಾರೆ. ಆಂಟಾಲಜಿಯ ತರ್ಕದ ಭಾಷೆ ಬಲ್ಲವರು ಕಡಿಮೆ. ಹಾಗಿರುವಾಗ ಯುಎಂಎಲ್‌ನಲ್ಲೇ ಆಂಟಾಲಜಿ ಬರೆದರೆ ಹೇಗೆ? 1999ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸ್ಟೀಫನ್ ಕ್ರೇನ್‌ಫೀಲ್ಡ್ ಮತ್ತು ಮಾರ್ಟಿನ್ ಪರ್ವಿಸ್ ಈ ಸಲಹೆಯನ್ನು ಮುಂದಿಟ್ಟರು. ಆಂಟಾಲಜಿಗೆಂದೇ ಮಾಡಿದ ‘ಔಲ್’ ಎಂಬ ಭಾಷೆ 2004ರಲ್ಲಿ ವೆಬ್‌ನ ಮಾನದಂಡವಾಯಿತು. ಯುಎಂಎಲ್ ಚಿತ್ರವನ್ನೂ ಔಲ್ ಬರಹವನ್ನೂ ಬೆಸೆಯುವ ಮಾನದಂಡ 2009ರಲ್ಲಿ ಹೊರಬಂತು.

ಸಾಕಷ್ಟು ಹೇಳಿದ್ದಾಯಿತು, ಈಗ ನಾವೇ ಒಂದು ಚಿತ್ರ ಬರೆದು ನೋಡೋಣ.

ಮೂಡಲಗಿಯ ಪಾಠ: ಕಾಲವನ್ನೂ ಬರೆಯಿರಿ

ಮೂರು ಚೌಕ ಹಾಕಿ: ಊರು, ತಾಲ್ಲೂಕು, ಜಿಲ್ಲೆ. ಊರಿನಿಂದ ತಾಲ್ಲೂಕಿಗೆ ಒಂದು ಗೆರೆ, ತಾಲ್ಲೂಕಿನ ತುದಿಯಲ್ಲಿ ‘1’ ಎಂದು ಬರೆಯಿರಿ. ಒಂದು ಊರು ಒಂದೇ ತಾಲ್ಲೂಕಿಗೆ ಸೇರಿರಬೇಕು ಎಂದರ್ಥ. ಸರಿಯಾಗಿಯೇ ಇದೆ, ಅಲ್ಲವೇ?

ಈಗ ಮೂಡಲಗಿ ಪಟ್ಟಣವನ್ನು ಇದರಲ್ಲಿ ಕೂರಿಸಿ. 2011ರ ಜನಗಣತಿ ನಡೆದಾಗ ಬೆಳಗಾವಿ ಜಿಲ್ಲೆಯಲ್ಲಿ ಇದ್ದದ್ದು 10 ತಾಲ್ಲೂಕು. ಆಗ ಮೂಡಲಗಿ ಗೋಕಾಕ ತಾಲ್ಲೂಕಿನಲ್ಲಿತ್ತು. 2017–18ರ ಹೊತ್ತಿಗೆ ರಾಜ್ಯದಲ್ಲಿ ಹೊಸ ತಾಲ್ಲೂಕುಗಳಾದಾಗ ಮೂಡಲಗಿಯೂ ಒಂದು ತಾಲ್ಲೂಕಾಯಿತು. ಹಳೆಯ ಕಾಗದದಲ್ಲಿ ‘ತಾಲ್ಲೂಕು: ಗೋಕಾಕ’, ಹೊಸ ಕಾಗದದಲ್ಲಿ ‘ತಾಲ್ಲೂಕು: ಮೂಡಲಗಿ’. ಎರಡೂ ನಿಜ. ತಪ್ಪಿದ್ದು ನಮ್ಮ ಚಿತ್ರ. ‘ಸೇರಿದೆ’ ಎಂಬ ನಂಟಿಗೆ ‘ಯಾವಾಗಿನಿಂದ, ಯಾವಾಗಿನವರೆಗೆ’ ಎಂದು ಸೇರಿಸಿದರೆ ಚಿತ್ರ ಸರಿಹೋಗುತ್ತದೆ.

ಈ ಸಣ್ಣ ತಿದ್ದುಪಡಿ ಇಲ್ಲದಿದ್ದರೆ ಏನಾಗುತ್ತದೆ? ಮುಂದಿನ ಜನಗಣತಿಯ ಅಂಕಿ ಬಂದಾಗ ಯಾರಾದರೂ ಗೋಕಾಕ ತಾಲ್ಲೂಕಿನ 2011ರ ಸಂಖ್ಯೆಯ ಪಕ್ಕ ಹೊಸ ಸಂಖ್ಯೆ ಇಟ್ಟು “ಗೋಕಾಕದ ಜನ ಊರು ಬಿಟ್ಟು ಹೋಗುತ್ತಿದ್ದಾರೆ” ಎಂದು ಫಾರ್ವರ್ಡ್ ಹರಿಬಿಡಬಹುದು. ಎರಡೂ ಸಂಖ್ಯೆ ನಿಜವಿದ್ದೂ ಸುದ್ದಿ ಸುಳ್ಳಾಗುತ್ತದೆ, ಏಕೆಂದರೆ ಎರಡು ಬೇರೆ ಗಡಿಗಳಿಗೆ ಒಂದೇ ಹೆಸರು.

ಇನ್ನೊಂದು ಗೊಂದಲ ಕೇಳಿ. ಮೂಡಲಗಿ ತಾಲ್ಲೂಕು ಇದೆ, ಆದರೆ ಆ ಹೆಸರಿನ ವಿಧಾನಸಭಾ ಕ್ಷೇತ್ರವಿಲ್ಲ. ಮೂಡಲಗಿ ಇರುವುದು ಅರಭಾವಿ ಕ್ಷೇತ್ರದಲ್ಲಿ. ಹುಕ್ಕೇರಿ ತಾಲ್ಲೂಕಿನಲ್ಲಿ ಹುಕ್ಕೇರಿ ಕ್ಷೇತ್ರದ ಜೊತೆಗೆ ಯಮಕನಮರಡಿ ಕ್ಷೇತ್ರವೂ ಇದೆ. ಲೋಕಸಭೆಗೆ ಬಂದರೆ ಗೋಕಾಕ, ಅರಭಾವಿ ಕ್ಷೇತ್ರಗಳು ಬೆಳಗಾವಿಗೆ ಸೇರಿದರೆ, ಹುಕ್ಕೇರಿ, ಯಮಕನಮರಡಿ ಚಿಕ್ಕೋಡಿಗೆ ಸೇರುತ್ತವೆ. ಕಂದಾಯದ ಗಡಿ ಬೇರೆ, ಮತದ ಗಡಿ ಬೇರೆ. ಚಿತ್ರದಲ್ಲಿ ಎರಡಕ್ಕೂ ಬೇರೆ ಬೇರೆ ಚೌಕ ಬೇಕು.

ಮೂಡಲಗಿಯಿಂದ ಮತ್ತೊಂದು ಪಾಠ. ‘ತಾಲ್ಲೂಕು ಕೇಂದ್ರ’ ಎನ್ನುವುದು ಪಟ್ಟಣದ ಒಂದು ವಿಧವೇ? ಅಲ್ಲ. ತಾಲ್ಲೂಕು ಆಗುವ ಮುಂಚೆಯೂ ಮೂಡಲಗಿ ಪಟ್ಟಣವೇ ಆಗಿತ್ತು. ‘ತಾಲ್ಲೂಕು ಕೇಂದ್ರ’ ಅದಕ್ಕೆ ಆಮೇಲೆ ಬಂದ ಪಾತ್ರ, ವ್ಯಕ್ತಿಗೆ ‘ಸರಪಂಚ’ ಎಂಬ ಪಾತ್ರ ಬಂದು ಹೋಗುವ ಹಾಗೆ. ಸಾಮಾನ್ಯ ಯುಎಂಎಲ್ ಚಿತ್ರ ಸ್ವರೂಪವನ್ನೂ ಪಾತ್ರವನ್ನೂ ಬೇರ್ಪಡಿಸುವುದಿಲ್ಲ. ಈ ಕೊರತೆ ತುಂಬಲು ಜಿಯಾನ್‌ಕಾರ್ಲೊ ಗಿಜಾರ್ಡಿ ಅವರು 2005ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಯುಎಂಎಲ್‌ಗೆ ತತ್ತ್ವಶಾಸ್ತ್ರದ ತಳಪಾಯ ಹಾಕಿದರು. ಅದರಿಂದ ಬೆಳೆದದ್ದೇ ‘ಆಂಟೊಯುಎಂಎಲ್’. ಅದರಲ್ಲಿ ಪ್ರತಿ ಚೌಕದ ಮೇಲೂ ಇದು ಸ್ವರೂಪವೋ ಪಾತ್ರವೋ ಎಂದು ಗುರುತು ಹಾಕಬೇಕು.

ಹುಕ್ಕೇರಿಯ ಪಾಠ: ಒಳಗೊಳ್ಳದವರು ಯಾರು?

ಬೆಳಗಾವಿ ಜಿಲ್ಲೆಗೆ ಕರೆಂಟು ಕೊಡುವವರು ಯಾರು? ಹೆಚ್ಚಿನವರ ಉತ್ತರ ‘ಹೆಸ್ಕಾಂ’. ಹಾಗಾಗಿ ಚಿತ್ರದಲ್ಲಿ ‘ವಿದ್ಯುತ್ ಕಂಪನಿ’ ಎಂದು ಚೌಕ ಹಾಕಿ ಅಲ್ಲಿಂದ ‘ಕರೆಂಟು ಹಂಚುತ್ತದೆ’ ಎಂಬ ಗೆರೆ ಎಳೆಯುತ್ತೇವೆ. ಹುಕ್ಕೇರಿಗೆ ಬಂದಾಗ ಚಿತ್ರ ಮುರಿದುಬೀಳುತ್ತದೆ. ಅಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರೆಂಟು ಹಂಚುತ್ತದೆ. ಅದು ಕಂಪನಿಯಲ್ಲ, ಸದಸ್ಯರ ಸಹಕಾರಿ ಸಂಘ.

ಪರಿಹಾರ ಸುಲಭ. ‘ವಿದ್ಯುತ್ ವಿತರಕ’ ಎಂಬ ದೊಡ್ಡ ಚೌಕ ಹಾಕಿ, ಅದರ ಕೆಳಗೆ ತ್ರಿಕೋನದ ಗೆರೆಯಿಂದ ‘ವಿತರಣಾ ಕಂಪನಿ’, ‘ವಿತರಣಾ ಸಹಕಾರಿ ಸಂಘ’ ಎಂಬ ಎರಡು ವಿಧ ತೋರಿಸಿದರೆ ಆಯಿತು. ಹೀಗೆ ಬರೆದ ಚಿತ್ರ ಮೇಜಿನ ಮೇಲಿದ್ದರೆ ಎಂಜಿನಿಯರ್ ಅಲ್ಲದವರೂ ಬೆರಳಿಟ್ಟು “ಇಲ್ಲಿ ನಮ್ಮ ಸಂಘ ಎಲ್ಲಿದೆ?” ಎಂದು ಕೇಳಬಹುದು. ಯುಎಂಎಲ್‌ನ ದೊಡ್ಡ ಉಪಯೋಗ ಇದೇ. ತರ್ಕದ ಸೂತ್ರಗಳನ್ನು ನೋಡಿ ಹಾಗೆ ಕೇಳುವವರು ಕಡಿಮೆ.

ನದಿಯ ಪಾಠ: ಚಿತ್ರ ತೋರಿಸುತ್ತದೆ, ತರ್ಕಿಸುವುದಿಲ್ಲ

ಈಗ ಮೊದಲಿನ ಫಾರ್ವರ್ಡಿಗೆ ಬರೋಣ. ಘಟಪ್ರಭಾ ಹಿಡಕಲ್ ಜಲಾಶಯ ದಾಟಿ, ಧೂಪದಾಳ ಒಡ್ಡು ದಾಟಿ, ಗೋಕಾಕ ಜಲಪಾತದಲ್ಲಿ ಧುಮುಕಿ, ಗೋಕಾಕ ಪಟ್ಟಣದ ಕಡೆ ಹರಿದು, ಬಾಗಲಕೋಟೆ ಜಿಲ್ಲೆಯ ಮುಧೋಳದತ್ತ ಸಾಗಿ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ, ಹಿಡಕಲ್‌ನ ಕೆಳಗೆ ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ ಅದಕ್ಕೆ ಕೂಡುತ್ತದೆ. ಗೋಕಾಕದ ಬಳಿ ಮಾರ್ಕಂಡೇಯ ಬಂದು ಸೇರುತ್ತದೆ.

‘ಕೆಳಗಿದೆ’ ಎಂಬ ನಂಟನ್ನು ಔಲ್‌ನಲ್ಲಿ ಬರೆಯುವಾಗ ಒಂದು ನಿಯಮ ಸೇರಿಸಬಹುದು: ಹಿಡಕಲ್‌ನ ಕೆಳಗೆ ಧೂಪದಾಳ, ಧೂಪದಾಳದ ಕೆಳಗೆ ಜಲಪಾತ ಇದ್ದರೆ ಹಿಡಕಲ್‌ನ ಕೆಳಗೆ ಜಲಪಾತವೂ ಇದೆ. ಅಕ್ಕಪಕ್ಕದ ಜೋಡಿಗಳನ್ನಷ್ಟೇ ನಾವು ಕೊಟ್ಟರೆ ಸಾಕು, ‘ಹಿಡಕಲ್ ಗೇಟು ತೆಗೆದರೆ ಯಾವ ಯಾವ ಊರು ಕೆಳಗಿವೆ’ ಎಂಬುದನ್ನು ಯಂತ್ರವೇ ತರ್ಕಿಸುತ್ತದೆ. ಕ್ಲಾಸ್ ಡಯಾಗ್ರಾಮಿನ ಗೆರೆ ತನ್ನಷ್ಟಕ್ಕೆ ಈ ಕೆಲಸ ಮಾಡದು. ಅದು ನಕ್ಷೆ. ಲೆಕ್ಕ ಹಾಕಲು ಬೇರೆ ಬರಹ ಬೇಕು.

“ಡ್ಯಾಂ ಗೇಟು ಮುಚ್ಚಿದೆ, ಇನ್ನು ಗೋಕಾಕಕ್ಕೆ ಭಯವಿಲ್ಲ” ಎಂಬ ಮಾತು ಏಕೆ ಅಪಾಯಕಾರಿ ಎಂದೂ ಈ ಚಿತ್ರ ಹೇಳುತ್ತದೆ. ಹಿಡಕಲ್ ಗೇಟು ತಡೆಯುವುದು ತನ್ನ ಹಿಂದಿನ ನೀರನ್ನು ಮಾತ್ರ. ಹಿರಣ್ಯಕೇಶಿ, ಮಾರ್ಕಂಡೇಯಗಳ ನೀರು ಆ ಗೇಟಿಗೆ ಸಿಕ್ಕುವುದೇ ಇಲ್ಲ.

‘ಗೊತ್ತಿಲ್ಲ’ ಬೇರೆ, ‘ಇಲ್ಲ’ ಬೇರೆ

ಯುಎಂಎಲ್ ಚಿತ್ರವನ್ನು ಕಣ್ಣುಮುಚ್ಚಿ ಆಂಟಾಲಜಿಗೆ ತಿರುಗಿಸಿದರೆ ಎಡವುವುದು ಇಲ್ಲಿಯೇ.

ಸಾಮಾನ್ಯ ಸಾಫ್ಟ್‌ವೇರಿನ ಪ್ರಕಾರ ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ಬಸ್ಸಿನ ಸೀಟು ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದರೆ ನಿಮಗೆ ಸೀಟಿಲ್ಲ. ಆಂಟಾಲಜಿಯ ನಡೆ ಬೇರೆ: ಬರೆದಿಲ್ಲ ಎಂದರೆ ಗೊತ್ತಿಲ್ಲ ಎಂದಷ್ಟೇ ಅರ್ಥ. ಹಿರಣ್ಯಕೇಶಿಯ ಇಂದಿನ ಹರಿವು ದಾಖಲಾಗಿಲ್ಲ ಎಂದರೆ ಹರಿವು ಸೊನ್ನೆ ಎಂದಲ್ಲ. ಪ್ರವಾಹದ ಹೊತ್ತಿನಲ್ಲಿ ‘ಮಾಹಿತಿ ಇಲ್ಲ’ ಎಂಬುದನ್ನು ‘ಅಪಾಯ ಇಲ್ಲ’ ಎಂದು ಓದಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಎರಡನೆಯ ಎಡವು ಇನ್ನೂ ತಮಾಷೆಯದು. ‘ಒಂದು ಊರಿಗೆ ಹೆಚ್ಚೆಂದರೆ ಒಂದೇ ತಾಲ್ಲೂಕು’ ಎಂದು ಔಲ್‌ನಲ್ಲಿ ಬರೆದು, ಮೂಡಲಗಿ ಪಟ್ಟಣಕ್ಕೆ ಗೋಕಾಕ, ಮೂಡಲಗಿ ಎಂದು ಎರಡು ತಾಲ್ಲೂಕು ಕೊಡಿ. ಅದು ತಪ್ಪು ತೋರಿಸುತ್ತದೆ ಎಂದುಕೊಂಡಿರಾ? ಇಲ್ಲ. “ಹಾಗಾದರೆ ಗೋಕಾಕ ತಾಲ್ಲೂಕು, ಮೂಡಲಗಿ ತಾಲ್ಲೂಕು ಒಂದೇ ಇರಬೇಕು, ಹೆಸರು ಎರಡಷ್ಟೇ” ಎಂದು ತೀರ್ಮಾನಿಸುತ್ತದೆ! ಹಿಡಕಲ್ ಡ್ಯಾಂ ಮತ್ತು ರಾಜಾ ಲಖಮಗೌಡ ಜಲಾಶಯ ಒಂದೇ ಎಂದು ಕಂಡುಹಿಡಿಯಲು ನೆರವಾಗುವ ಬುದ್ಧಿಯೇ ಇಲ್ಲಿ ದಾರಿ ತಪ್ಪಿಸುತ್ತದೆ. ‘ಇವೆರಡೂ ಬೇರೆ’ ಎಂದು ನಾವು ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಅದು ಗೊಂದಲವನ್ನು ಗುರುತಿಸುತ್ತದೆ.

ಮೂರನೆಯದು ಹುಕ್ಕೇರಿಯದು. ‘ಕರೆಂಟು ಹಂಚುವುದು ಕಂಪನಿ’ ಎಂದು ಬರೆದಿದ್ದರೆ ಸಾಮಾನ್ಯ ಸಾಫ್ಟ್‌ವೇರು ಸಹಕಾರಿ ಸಂಘವನ್ನು ಒಳಗೆ ಬಿಡುವುದಿಲ್ಲ. ಆಂಟಾಲಜಿಯಾದರೆ ಸದ್ದಿಲ್ಲದೆ ಸಂಘವನ್ನೇ ಕಂಪನಿ ಮಾಡಿಬಿಡುತ್ತದೆ. ಮೊದಲನೆಯ ತಪ್ಪು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಹಾಗಾಗಿ ಬಲ್ಲವರು ಪಾಲಿಸುವ ಕ್ರಮ ಇದು: ಊರಿನವರ ಜೊತೆ ಕೂತು ಯುಎಂಎಲ್‌ನಲ್ಲಿ ಚಿತ್ರ ಬರೆಯುವುದು, ಪ್ರತಿ ಗೆರೆಯ ಅರ್ಥ ಕೇಳಿ ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಔಲ್‌ಗೆ ತಿರುಗಿಸುವುದು, ಕೊನೆಗೆ ತರ್ಕಯಂತ್ರ ಓಡಿಸಿ ವಿಚಿತ್ರ ತೀರ್ಮಾನಗಳು ಬಂದಿವೆಯೇ ಎಂದು ನೋಡುವುದು.

ಎರಡು ತಪ್ಪು ನಂಬಿಕೆ

“ಆಂಟಾಲಜಿ ಇದ್ದರೆ ಸುಳ್ಳು ಮಾಹಿತಿ ಬರುವುದಿಲ್ಲ.” ತಪ್ಪು. ಅದು ಮಾತುಗಳ ನಡುವಿನ ಹೊಂದಾಣಿಕೆಯನ್ನು ಪರೀಕ್ಷಿಸುತ್ತದೆ, ಸತ್ಯವನ್ನಲ್ಲ. ವಿ.ಕೃ. ಗೋಕಾಕರು ಗೋಕಾಕದಲ್ಲೇ ಹುಟ್ಟಿದರು ಎಂದು ನೀವು ಬರೆದರೆ ಅದು ಒಪ್ಪಿಕೊಳ್ಳುತ್ತದೆ, ಏಕೆಂದರೆ ವ್ಯಕ್ತಿ ಊರಿನಲ್ಲಿ ಹುಟ್ಟುವುದು ಸಾಧ್ಯವಿರುವ ಸಂಗತಿ. ಅವರು ಜಲಪಾತ ಎಂದರೆ ಮಾತ್ರ ಒಪ್ಪುವುದಿಲ್ಲ.

“ಎಐ ಬಂದಿದೆ, ಇದೆಲ್ಲ ಇನ್ನು ಬೇಡ.” ಇದೂ ಅವಸರದ ಮಾತು. ಮಾತನಾಡುವ ಎಐ ಪದಗಳ ಒಡನಾಟದಿಂದ ಉತ್ತರ ಕಟ್ಟುತ್ತದೆ. ಒಂದೇ ಹೆಸರಿನ ಹಲವು ಸಂಗತಿಗಳಿದ್ದಾಗ ಅದು ಬೆರೆಸಿಬಿಡುವುದುಂಟು. ಯಾವ ಘಟಪ್ರಭಾ ಎಂದು ಗಟ್ಟಿಯಾಗಿ ಹೇಳುವ ಆಕರ ಅದಕ್ಕೂ ಬೇಕು. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಹಳ್ಳಿಗೂ ತಾಲ್ಲೂಕಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿರುವುದು, ವಿಕಿಡೇಟಾ ಪ್ರತಿ ಸಂಗತಿಗೂ ಒಂದು ಸಂಖ್ಯೆ ಕೊಡುವುದು ಇದಕ್ಕಾಗಿಯೇ. ಹೆಸರು ಬದಲಾದರೂ ಸಂಖ್ಯೆಯಿಂದ ಗುರುತು ಸಿಗುತ್ತದೆ.

ಫಾರ್ವರ್ಡ್ ಮಾಡುವ ಮುಂಚೆ ನಾಲ್ಕು ಪ್ರಶ್ನೆ

ಆಂಟಾಲಜಿ ಕಟ್ಟುವವರು ಯಂತ್ರಕ್ಕಾಗಿ ಕೇಳಿಕೊಳ್ಳುವ ಪ್ರಶ್ನೆಗಳನ್ನೇ ನೀವು ನಿಮ್ಮ ಫೋನಿಗೆ ಬಂದ ಸಂದೇಶಕ್ಕೂ ಕೇಳಬಹುದು.

1. ಯಾವುದರ ಬಗ್ಗೆ? ನದಿಯೋ, ಡ್ಯಾಂ ಇರಬಹುದೋ, ಊರೋ? ಪಟ್ಟಣವೋ, ತಾಲ್ಲೂಕೋ, ಮತಕ್ಷೇತ್ರವೋ?

2. ಯಾವಾಗಿನದು? ದಿನಾಂಕವಿಲ್ಲದ ಪ್ರವಾಹದ ವಿಡಿಯೊ 2019ರದ್ದೂ ಆಗಿರಬಹುದು.

3. ನಂಟು ಸರಿಯಿದೆಯೇ? ಒಂದು ಸಂಗತಿಯಿಂದ ಇನ್ನೊಂದಕ್ಕೆ ಹಾರಿದ್ದಾರೆಯೇ? ಡ್ಯಾಂ ಗೇಟಿನಿಂದ ನೇರವಾಗಿ ಊರಿನ ಸುರಕ್ಷತೆಗೆ ಹಾರಿದ ಹಾಗೆ?

4. ‘ಇಲ್ಲ’ ಎಂದಿದ್ದಾರೋ, ‘ಗೊತ್ತಿಲ್ಲ’ ಎಂದಿದ್ದಾರೋ?

ನಾಲ್ಕಕ್ಕೂ ಉತ್ತರ ಸಿಗದ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದರೆ ಉತ್ತರ ಸೇರಿಸಿ ಕಳಿಸಿ. “ಘಟಪ್ರಭಾ ತುಂಬಿದೆ” ಎನ್ನುವ ಬದಲು ಹಿಡಕಲ್ ಜಲಾಶಯದಲ್ಲಿ ಇಂದು ಇಷ್ಟು ಗಂಟೆಗೆ ಇಷ್ಟು ನೀರು ಬಿಟ್ಟಿದ್ದಾರೆ, ಇದನ್ನು ಹೇಳಿದ್ದು ಇಂಥ ಅಧಿಕಾರಿ ಎಂದು ಬರೆಯಿರಿ. ಎರಡು ಸಾಲು ಹೆಚ್ಚಾಗುತ್ತದೆ. ಆದರೆ ನದಿ ದಂಡೆಯ ಮನೆಯಲ್ಲಿ ಕೂತು ಅದನ್ನು ಓದುವವರಿಗೆ ಹೊರಡಬೇಕೋ ಬೇಡವೋ ಎಂಬುದು ತಿಳಿಯುತ್ತದೆ.